ರೈನ್‌ಹೋಲ್ಡನ ಎಡ ಮೊಣಕಾಲು

ಪಾಸ್ಟರ್ ವುಟ್ಕೆ ದೀಕ್ಷಾಸ್ನಾನಕ್ಕೆಂದು ರೈನ್‌ಹೋಲ್ಡನನ್ನು ತೊಟ್ಟಿಯ ನೀರಿನಲ್ಲಿ ಅಂಗಾತ ಮುಳುಗಿಸಿದಾಗ ಎಲ್ಲರೂ ಭಕ್ತಿಯಿಂದ ಕಣ್ಣು ಮುಚ್ಚಿದ್ದರು. ಅವನನ್ನು ಮದುವೆಯಾಗಲಿದ್ದ ಒಟ್ಟಿಲಿಯೆ ಮುಚ್ಚಿರಲಿಲ್ಲ. ಏನಾದರೂ ಎಡವಟ್ಟಾದೀತೆಂಬ ಹೆದರಿಕೆಯಲ್ಲಿ ಅವಳು ನೋಡುತ್ತಲೇ ಇದ್ದಳು, ಆದದ್ದೂ ಹಾಗೆಯೇ. ಆರಡಿ ಮೀರಿದ ಆಳು, ದನ ನೀರು ಕುಡಿಯುವ ತೊಟ್ಟಿ. ಎಡ ಮೊಣಕಾಲು ನೀರಿನ ಮೇಲೆಯೇ ಉಳಿಯಿತು. ಅವನನ್ನು ಎತ್ತುವಾಗ ಪಾಸ್ಟರು ಜಾರಿ, ನೀರು ಕುಡಿದು, ಕೆಮ್ಮತೊಡಗಿದರು. ಹಾಡು ಶುರುವಾಗಿಬಿಟ್ಟಿತು.

"ಮೊಣಕಾಲು ಮುಳುಗ್ಲೇ ಇಲ್ಲ," ಎಂದು ಅವಳು ತನ್ನಷ್ಟಕ್ಕೆ ಗೊಣಗಿದಳು. ಹೆಂಗಸರ ಸಾಲಿನಿಂದ ಆ ಮಾತು ಹಾಡು ಮುಗಿಯುವುದರೊಳಗೆ ಗಂಡಸರ ಸಾಲಿನ ಕೊನೆ ಮುಟ್ಟಿತ್ತು.

ಆ ಪಂಥದಲ್ಲಿ ಮೈಯೆಲ್ಲ ನೀರಿನಲ್ಲಿ ಮುಳುಗಿದವನೇ ಸದಸ್ಯ. ಸಭೆಯ ಹಿರಿಯನಾದ ಅವಳ ಅಪ್ಪ ಫರ್ಡಿನಾಂಡ್, ಪೂರ್ತಿ ಸದಸ್ಯನಲ್ಲದವನಿಗೆ ಮಗಳನ್ನು ಕೊಡುವವನಲ್ಲ. ಸುಗ್ಗಿಯ ಕೃತಜ್ಞತೆಯ ಹಬ್ಬದ ಮರುವಾರ ಮದುವೆ ಗೊತ್ತಾಗಿತ್ತು. ಅವಳಿಗಾಗಿ ರೈನ್‌ಹೋಲ್ಡ್ ಹಳ್ಳದಾಚೆಯ ಲೂಥರನ್ ಚರ್ಚಿನವರನ್ನು ಬಿಟ್ಟು ಬಂದಿದ್ದ; ಅವರೂ ಈಗ ಅವನನ್ನು ತಮ್ಮವನೆನ್ನುತ್ತಿರಲಿಲ್ಲ.

ರಷ್ಯಾದಿಂದ ಡಕೋಟಾಕ್ಕೆ ವಲಸೆ ಬಂದ ಜರ್ಮನರ ಆ ಸಭೆಯಲ್ಲಿ ಒಲೆಗೆ ಹೊಸ ಕೊಳವೆ ಹಾಕಿಸಬೇಕಾದರೂ ಎಲ್ಲರೂ ಕೈ ಎತ್ತಿ ಮತ ಹಾಕಬೇಕು. ಮೊಣಕಾಲಿಗೂ ಕೈ ಎತ್ತಿದರು. ಎಡ ಮೊಣಕಾಲೊಂದನ್ನು ಬಿಟ್ಟು ಉಳಿದ ರೈನ್‌ಹೋಲ್ಡನನ್ನು ಸದಸ್ಯನಾಗಿ ಸ್ವೀಕರಿಸುವುದೆಂದು ತೀರ್ಮಾನವಾಯಿತು. ಅಂದಿನಿಂದ ಅವನು ಸದಸ್ಯರ ಬೆಂಚಿನ ತುದಿಯಲ್ಲಿ, ಆ ಮೊಣಕಾಲನ್ನು ನಡುದಾರಿಗೆ ಚಾಚಿ ಕೂರತೊಡಗಿದ. ಹೊರಗಿನಿಂದ ಬಂದವರಿಗೆ ಸ್ವಾಗತ ಹೇಳುವಾಗ ಪಾಸ್ಟರು ಅದರ ಕಡೆಗೂ ತಲೆ ಬಾಗಿಸುತ್ತಿದ್ದರು.

ಎದ್ದಾಗ ನೀರು ಮೊಣಕಾಲಿನ ಮೇಲೆ ಹರಿಯಿತಲ್ಲ ಎಂದು ಯಾರೋ ಅಂದರು. ಅದು ಚಿಮುಕಿಸಿದಂತಾಯಿತು, ಚಿಮುಕಿಸುವುದು ಲೂಥರನ್ನರ ಕೆಲಸ ಎಂದು ಫರ್ಡಿನಾಂಡ್ ಬಾಯಿ ಮುಚ್ಚಿಸಿದ. ಮೊಣಕಾಲನ್ನಷ್ಟೇ ಬಕೆಟ್ಟಿನಲ್ಲಿ ಅದ್ದೋಣವೆಂದರೆ, ಹಳ್ಳದಾಚೆಯವರು ನಗುತ್ತಾರೆ. ಇಡೀ ಆಳನ್ನು ಮತ್ತೆ ಮುಳುಗಿಸಿದರೆ ಎರಡನೇ ದೀಕ್ಷಾಸ್ನಾನ.

"ಸ್ನಾನ ಒಂದೇ ಸಲ ಅಂತ ಹೇಳಿ ನಮ್ಮಜ್ಜ ರಷ್ಯಾದಲ್ಲಿ ಜೈಲಿಗೆ ಹೋದ. ಒಂದು ಮಂಡಿಗೋಸ್ಕರ ಆ ಮಾತು ಬಿಡೋಕಾಗತ್ತಾ?" ಎಂದ ಫರ್ಡಿನಾಂಡ್.

ಜರ್ಮನ್ ಸಭೆಗಳೆಲ್ಲ ಸೇರಿ ಮಾಡಿಕೊಂಡ ಮಹಾಸಭೆಗೆ ಬರೆದು ಕೇಳಿದರು. ಪ್ರತಿ ಸಭೆಯೂ ತನಗೆ ತಾನೇ ಒಡೆಯ, ನಾವು ಪ್ರಾರ್ಥಿಸಬಲ್ಲೆವಷ್ಟೇ ಎಂಬ ಉತ್ತರ ಬಂತು. ತನ್ನ ಸಭೆ ಅಷ್ಟು ಸ್ವತಂತ್ರವೆಂದು ಫರ್ಡಿನಾಂಡನಿಗೆ ಹೆಮ್ಮೆಯಾಯಿತು, ಸಿಟ್ಟೂ ಬಂತು.

ತೊಟ್ಟಿಯ ಅಂಚಿನಲ್ಲಿ ಮಂಜುಗಡ್ಡೆ ಕಾಣಿಸಿಕೊಂಡಿತ್ತು. ನೀರು ಹೆಪ್ಪುಗಟ್ಟಿದರೆ ವಸಂತದವರೆಗೆ ಮದುವೆಯಿಲ್ಲ. ಹಬ್ಬದ ಹಿಂದಿನ ಸಭೆಯಲ್ಲಿ ಒಟ್ಟಿಲಿಯೆ ಕೈ ಎತ್ತಿದಳು. ಅಲ್ಲಿ ಹೆಂಗಸರು ಕೈ ಎತ್ತಬಹುದಿತ್ತು, ಬಾಯಿ ತೆರೆಯುವ ರೂಢಿಯಿರಲಿಲ್ಲ.

"ಇನ್ನೂ ಮತಕ್ಕೆ ಹಾಕಿಲ್ಲಮ್ಮ, ಕೈ ಇಳಿಸು," ಎಂದರು ಪಾಸ್ಟರು.

"ಪಾಸ್ಟ್ರೇ, ಅವತ್ತು ನೀವು ಆಮೆನ್ ಅನ್ಲೇ ಇಲ್ಲ. ಕೆಮ್ತಾ ಇದ್ರಿ."

"ಅದಕ್ಕೇನೀಗ?"

"ಆಮೆನ್ ಅನ್ದೆ ಸ್ನಾನ ಮುಗಿಯಲ್ವಲ್ಲ. ಅದು ಇನ್ನೂ ನಡೀತಾ ಇದೆ."

ಸಭೆ ಉಸಿರು ಬಿಟ್ಟಿತು. ಎಲ್ಲ ಕೈಗಳೂ ಮೇಲೆದ್ದವು. ಹಾಗಿದ್ದರೆ ಮೊನ್ನೆ ದೀಕ್ಷಾಸ್ನಾನದ ನಡುವೆಯೇ ರೈನ್‌ಹೋಲ್ಡ್ ತನಗೆ ಕುಂಟು ಕುದುರೆ ಮಾರಿದಂತಾಯಿತಲ್ಲ ಎಂದು ಒಟ್ಟಿಲಿಯೆಯ ಜೇಕಬ್ ಮಾವ ತಕರಾರು ತೆಗೆದ. ಅದನ್ನು ಮುಂದಿನ ಸಭೆಗೆ ತಳ್ಳಿದರು.

ಭಾನುವಾರ ಎಲ್ಲರೂ ಅಂದು ನಿಂತಲ್ಲೇ ನಿಂತರು. ಅಂದು ಸೀನಿದ್ದ ಜೇಕಬ್ ಮಾವ ಮತ್ತೆ ಸೀನಲು ನಶ್ಯ ತಂದಿದ್ದ. ಮಂಜುಗಡ್ಡೆ ಒಡೆದು ರೈನ್‌ಹೋಲ್ಡನನ್ನು ಮಲಗಿಸಿದರು. ಫರ್ಡಿನಾಂಡ್ ತಾನೇ ಅಂಗಿಯ ತೋಳು ಮಡಚಿ ಎಡ ಮೊಣಕಾಲನ್ನು ಅದುಮಿದ. ಇಡೀ ಸಭೆ ಕಣ್ಣು ಬಿಟ್ಟು ಆ ಮೊಣಕಾಲನ್ನೇ ನೋಡುತ್ತಿತ್ತು.

ಚಳಿಗೆ ರೈನ್‌ಹೋಲ್ಡನ ಬಲಗೈ ತೊಟ್ಟಿಯ ಅಂಚನ್ನು ಹಿಡಿದುಕೊಂಡದ್ದು ಒಟ್ಟಿಲಿಯೆಗೆ ಮಾತ್ರ ಕಾಣಿಸಿತು. ಬೆರಳುಗಳಿಗೆ ನೀರು ತಾಗಿಯೇ ಇರಲಿಲ್ಲ. ಅವಳು ಅತ್ತಿತ್ತ ನೋಡಿದಳು. ಪಾಸ್ಟರು ಬಾಯಿ ತೆರೆಯುವ ಮೊದಲೇ, ಹೊಲದಾಚೆಗೂ ಕೇಳುವಂತೆ "ಆಮೆನ್" ಎಂದಳು.

ಫರ್ಡಿನಾಂಡ್ ಒದ್ದೆ ತೋಳಿನೊಂದಿಗೆ ಅವಳತ್ತ ತಿರುಗಿದ. "ಸರಿಯಾಗಿ ನೋಡ್ದೆ ತಾನೆ? ಮುಳುಗ್ತಾ?"

"ಮೊಣಕಾಲು ಮುಳುಗ್ತಪ್ಪ," ಎಂದಳು ಒಟ್ಟಿಲಿಯೆ.