ಹೊಸ ಹಗೇವಿನ ಮುದ್ದೆ

ಇದನ್ನು ನನಗೆ ಹೇಳಿದವರು ಕನಕಪುರದ ಲತಾಮಣಿ. 2010ರಲ್ಲಿ ಹೇಳುವಾಗ ಅವರ ಮಾವ ಬೋರಲಿಂಗಯ್ಯನವರೂ ಪಕ್ಕದಲ್ಲಿದ್ದರು.

ತೀರಿಹೋದ ಅತ್ತೆ ಹಾಡಿದ್ದ ಬೀಸುವ ಪದಗಳನ್ನು ಲತಾಮಣಿ ಧ್ವನಿಮುದ್ರಿಸಿ, ಇಂಟರ್‌ನೆಟ್ಟಿನ ಬ್ಯಾಕಪ್ ಸೇವೆಯೊಂದರಲ್ಲಿ ಇರಿಸಿದ್ದರು. ಮನೆಯ ಕಂಪ್ಯೂಟರ್ ಕೆಟ್ಟ ಮೇಲೆ ಆ ದನಿ ಉಳಿದದ್ದು ಅಲ್ಲಿ ಮಾತ್ರ. ಅಷ್ಟರಲ್ಲಿ ಆ ಸೇವೆಯ ಕಂಪನಿಯು ಮನೆಬಳಕೆಯ ಪ್ಲಾನನ್ನೇ ನಿಲ್ಲಿಸುವುದಾಗಿ ತಿಳಿಸಿತು. ಲತಾಮಣಿ ಎಲ್ಲವನ್ನೂ ಬೇರೊಂದು ಸೇವೆಗೆ ಸಾಗಿಸಿ, ಹಳೆಯ ಖಾತೆಯನ್ನು ಅಳಿಸಲು ಕುಳಿತರು.

“ಹೊಸ ಹಗೇವಿನ ರಾಗೀಲಿ ಒಂದ್ ಮುದ್ದೆ ಉಂಡ್ಯೇನವ್ವ?” ಎಂದರು ಮಾವ.

ಮಾವನ ಊರಾದ ಮರಳವಾಡಿಯ ಮನೆಯಲ್ಲಿ ರಾಗಿ ತುಂಬಿಡುವ ನೆಲಗುಳಿಯೇ ಹಗೇವು. ಅದನ್ನು ಬದಲಿಸುವಾಗ, ಹೊಸದರಲ್ಲಿಟ್ಟ ರಾಗಿಯನ್ನು ಬೀಸಿ ಉಣ್ಣುವವರೆಗೂ ಹಳೆಯದನ್ನು ಪೂರ್ತಿ ಬರಿದುಮಾಡುತ್ತಿರಲಿಲ್ಲ.

“ಇದೇನ್ ರಾಗಿನಾ ಮಾವ?” ಎಂದು ನಗುತ್ತಲೇ ಲತಾಮಣಿ ಹೊಸ ಸೇವೆಯಿಂದ ಒಂದು ಪದವನ್ನು ಇಳಿಸಿಕೊಂಡರು. ಫೈಲಿನ ಹೆಸರಿತ್ತು, ಒಳಗೆ ದನಿಯಿರಲಿಲ್ಲ.

ಮತ್ತೆ ಸಾಗಿಸಲು ಒಂಬತ್ತು ದಿನ ಹಿಡಿಯಿತು. ಈ ಸಲ ಇಬ್ಬರೂ ಕುಳಿತು ಒಂದೊಂದು ಪದವನ್ನೂ ಕೇಳಿದರು. ಕೊನೆಯದು ಮುಗಿದ ಮೇಲೆ ಅತ್ತೆ ಕೆಮ್ಮಿದ್ದೂ ಕೇಳಿಸಿತು.

ಬೋರಲಿಂಗಯ್ಯ ನಕ್ಕುಬಿಟ್ಟರು. “ಅವಳ್ ಕೆಮ್ಮೂ ಬಂದ್ಬುಟ್ಟೈತೆ ಕಣವ್ವ. ಇನ್ ಹಳೇದ್ನ ಮುಚ್ಚು.”