ಗದ್ದಿಗಿ ಹೆಸರು

ಸತ್ತವಳ ಹಣೆಗೆ ವಿಭೂತಿ ಬಳಿಯುತ್ತಿದ್ದ ಚನ್ನವ್ವನ ಕೈ ಅರ್ಧಕ್ಕೇ ನಿಂತಿತು. ಹೊಲದಲ್ಲಿ ಕುಣಿ ತೋಡಲು ಹೋಗಿದ್ದ ಕಲ್ಲೇಶ ಮೊಣಕಾಲತನಕ ಎರಿಮಣ್ಣು ಮೆತ್ತಿಕೊಂಡು ಬಾಗಿಲಲ್ಲಿ ಬಂದು ನಿಂತಿದ್ದ.

"ಕುಣ್ಯಾಗ ನೀರ ಒಸರಾಕತ್ತೈತ್ರಿ. ಎಷ್ಟ ಎತ್ತಿ ಚೆಲ್ಲಿದ್ರೂ ಮತ್ತ ತುಂಬತೈತಿ."

"ಬ್ಯಾರೆ ಕಡೆ ತೋಡಿ ನೋಡ್ರೆಪಾ" ಎಂದ ಚನ್ನವ್ವನ ಗಂಡ ಕಳಕಪ್ಪ.

"ಎಲ್ಲಾ ಕಡೆ ತೋಡೇವ್ರಿ. ಹೊಲಾನ ಜವಳ ಹಿಡದೈತಿ."

ತೀರಿಕೊಂಡ ಸುವರ್ಣಾ ಚನ್ನವ್ವನಿಗೆ ನೆಗೆಣ್ಣಿ, ಮೈದುನನ ಹೆಂಡತಿ. ಅವಳನ್ನು ಗೋಡೆಗೆ ಆನಿಸಿ, ಹೊಸ ಸೀರೆ ಉಡಿಸಿ, ಮಣೆಯ ಮೇಲೆ ಕೂಡಿಸಿದ್ದರು. ತಮ್ಮೂರು ಸೂಡಿಯವರಷ್ಟೇ ಅಲ್ಲ, ರಾಜೂರ, ಮುಶಿಗೇರಿಯಿಂದಲೂ ಜನ ಬಂದು ಪಡಸಾಲೆ ತುಂಬಿ ಅಂಗಳಕ್ಕೆ ಚೆಲ್ಲಿದ್ದರು. ನಾನು ಸತ್ತರೆ ಇದರಲ್ಲಿ ಕಾಲುಪಾಲು ಬಂದಾರೆಯೇ ಎಂದು ಚನ್ನವ್ವ ಯೋಚಿಸಿದಳು. ಉತ್ತರ ಅವಳಿಗೆ ಗೊತ್ತಿತ್ತು.

ಮುಶಿಗೇರಿಯ ಮಕ್ತುಮಬಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. "ನಮ್ಮ ಹೊಲಾ ನೀರ ನಿಂತು ಹಾಳ ಬಿದ್ದಿತ್ತು. ಈ ತಾಯಿನ ಬಂದು ಗದ್ದಿಗಿ ಹಾಕೋದು ಕಲಿಸಿದ್ಲು. ಈಗ ಎಂಥಾ ಮಳಿ ಆದ್ರೂ ನಮ್ಮ ಹೆಸರು ಉಳಿತೈತಿ."

"ಹೆಸರು ಉಳಿಸೇ ಹೋದ್ಲು ಬಿಡವಾ" ಎಂದಳು ಪಕ್ಕದ ಮುದುಕಿ.

ಗದ್ದಿಗಿ ಎಂಬ ಮಾತು ಬಿದ್ದದ್ದೇ ತಡ, ಚನ್ನವ್ವನ ಕಿವಿ ಕಾದವು. ಆ ಮಾತು ಯಾರದು?

*

ಮೊದಲು ಈ ಸೀಮೆಯವರು ಒಂದು ಹನಿಗಾಗಿ ಮುಗಿಲು ನೋಡುತ್ತಿದ್ದರು. ಈಚೆಗೆ ಮಳೆಗೆ ಹದವೇ ತಪ್ಪಿದೆ. ತಿಂಗಳಿಡೀ ಬರಬೇಕಾದದ್ದು ಒಂದೇ ಮಧ್ಯಾಹ್ನ ಸುರಿದು ಹೋಗುತ್ತದೆ. ಕಳಕಪ್ಪನೂ ಅವನ ತಮ್ಮನೂ ಹಂಚಿಕೊಂಡ ಹೊಲ ಹಳ್ಳದ ದಂಡೆಯದು. ಒಂದು ವರ್ಷ ನಿಂತ ನೀರಿಗೆ ಬಿತ್ತಿದ ಹೆಸರುಕಾಳಿನ ಬೇರು ಕೊಳೆತು ಎರಡೂ ಪಾಲು ಹಳದಿಯಾದವು. ಸುವರ್ಣಾಳ ಗಂಡ ತೀರಿಕೊಂಡದ್ದೂ ಅದೇ ವರ್ಷ. ಅವಳು ಬದುವಿನ ಮೇಲೆ ನಿಂತು ಅತ್ತಿದ್ದಳು.

"ಹೆಸರು ನೆಲದಾಗ ನಿಲ್ಲವಲ್ಲದು ಯಕ್ಕಾ. ಏನ ಮಾಡ್ಲಿ?"

"ನೆಲದಾಗ ನಿಲ್ಲದಿದ್ರ ಗದ್ದಿಗಿ ಮ್ಯಾಲ ಕುಂದರಸು ನಿನ್ನ ಹೆಸರನ್ನ" ಎಂದಿದ್ದಳು ಚನ್ನವ್ವ. ಮಠದಲ್ಲಿ ಸ್ವಾಮಿಗಳಿಗೆ ಇರುವ ಗದ್ದುಗೆ! ಕೇಳಿದವರು ನಕ್ಕಿದ್ದರು. ಚುಚ್ಚಲೆಂದೇ ಆಡಿದ ಮಾತು ಅದು.

ಸುವರ್ಣಾ ಚುಚ್ಚಿಸಿಕೊಳ್ಳಲಿಲ್ಲ, ಆಡಿದ್ದನ್ನೇ ಮಾಡಿದಳು. ಮುಂದಿನ ಮುಂಗಾರಿಗೆ ಹೊಲದ ತುಂಬ ಮಣ್ಣೇರಿಸಿ ಅಗಲವಾದ ಬೋದು ಹಾಕಿಸಿ, ಮೇಲೆ ಹೆಸರು ಬಿತ್ತಿ, ನಡುವಿನ ಸಾಲುಗಳಿಂದ ನೀರನ್ನು ಹಳ್ಳಕ್ಕೆ ಹರಿಯಬಿಟ್ಟಳು. ಆ ವರ್ಷ ಹಳ್ಳದ ದಂಡೆಯಲ್ಲಿ ಕಾಯಿ ಕಟ್ಟಿದ್ದು ಅವಳ ಹೊಲ ಮಾತ್ರ. ಜನ ಬೋದಿಗೇ ಗದ್ದಿಗಿ ಎನ್ನತೊಡಗಿದರು. ಸುವರ್ಣವ್ವನ ಗದ್ದಿಗಿ ಹೆಸರು ಎಂದು ಸಂತೆಯಲ್ಲೂ ಕೇಳುವವರಾದರು.

"ನಾವೂ ಹಾಕೂಣ" ಎಂದು ಕಳಕಪ್ಪ ವರ್ಷವರ್ಷವೂ ಗೋಗರೆದ.

"ಆಕಿನ್ನ ನೋಡಿ ಹಾಕಿದ್ರು ಅನ್ನಿಸ್ಕೋಬೇಕೇನು? ನಾ ಸತ್ತ ಮ್ಯಾಲ ಹಾಕ್ರಿ."

ಮಾತು ತನ್ನದು, ಹೊಲ ತನ್ನದು. ಆದರೂ ಪಕ್ಕದವಳಿಗೆ ಅಪಶಕುನವಾಗಲೆಂದು ತನ್ನ ಮೂಗು ಕೊಯ್ದುಕೊಂಡ ಹಾಗೆ ಚನ್ನವ್ವ ಮಳೆಗಾಲಕ್ಕೊಮ್ಮೆ ತನ್ನ ಹೆಸರನ್ನು ಕೊಳೆಸುತ್ತ ಬಂದಳು.

*

"ಗದ್ದಿಗಿ ಅನ್ನೋ ಮಾತ ನಂದು."

ಹೆಣದ ಮುಂದೆ ಹೀಗೆ ಬಾಯಿ ಬಿಟ್ಟೇನೆಂದು ಚನ್ನವ್ವನೇ ಅಂದುಕೊಂಡಿರಲಿಲ್ಲ. ಯಾರಾದರೂ ಒಬ್ಬರು ಹೌದು ಎನ್ನಲಿ, ಅಷ್ಟು ಸಾಕಿತ್ತು ಅವಳಿಗೆ.

"ಗೊತ್ತೈತ್ರಿ ಅಕ್ಕಾರ" ಎಂದಳು ಮಕ್ತುಮಬಿ. "ಸುವರ್ಣವ್ವ ಹೋದಲ್ಲೆಲ್ಲಾ ಅದನ್ನ ಹೇಳತಿದ್ಲು. ಇದು ನಮ್ಮ ಯಕ್ಕನ ಬುದ್ಧಿ, ನಂದಲ್ಲ ಅಂತ."

"ಎಷ್ಟ ದೊಡ್ಡ ಮನಸ ನೋಡ್ರಿ ಆಕಿದು" ಎಂದಳು ಮುದುಕಿ. ಎಲ್ಲರೂ ತಲೆಯಾಡಿಸಿ ಸುವರ್ಣಾಳ ಕಡೆಗೇ ನೋಡಿದರು.

ಇಷ್ಟು ವರ್ಷ ಬಯಸಿದ್ದು ಕೈಗೆ ಬಂದಿತ್ತು, ಬರುವಾಗಲೇ ಸುವರ್ಣಾಳ ಪಾಲಾಗಿತ್ತು. ಚನ್ನವ್ವನಿಗೆ ಅಳು ಬಂತು. ಮಂದಿ ಅದನ್ನು ದುಃಖವೆಂದೇ ತಿಳಿದರು.

"ಹಂಗಾರ ಏನ ಮಾಡೂಣ್ರಿ?" ಕಲ್ಲೇಶ ಇನ್ನೂ ಬಾಗಿಲಲ್ಲೇ ಇದ್ದ.

ಚನ್ನವ್ವನ ಸಿಟ್ಟೆಲ್ಲ ಅವನ ಮೇಲೆ ತಿರುಗಿತು. "ತಳಕ್ಕ ತೋಡಿದ್ರ ನೀರ ಬರದ ಏನ ಬರತೈತಿ? ಮೊಣಕಾಲುದ್ದ ತೋಡಿ, ಸುತ್ತ ಮಣ್ಣ ಏರಿಸಿ ಎತ್ತರ ಮಾಡ್ರಿ. ಬಾಜೂಕ ನೀರ ಹೋಗಾಕ ಸಾಲ ಬಿಡ್ರಿ."

ಕಳಕಪ್ಪ ಹೆಂಡತಿಯನ್ನು ಬೆರಗಿನಿಂದ ನೋಡಿದ. "ಖರೇ ಹೇಳ್ತೀನಿ, ಸುವರ್ಣಾನ ಎದ್ದು ಬಂದು ಹೇಳಿದಂಗಾತು."

ಸಂಜೆಗೆ ಮಳೆ ನಿಂತು ಹೊಳವಾಯಿತು. ಬದುವಿನ ಅಂಚಿಗೆ ಎದೆಯೆತ್ತರ ಕಟ್ಟಿದ ಮಣ್ಣಿನೊಳಗೆ ಸುವರ್ಣಾಳನ್ನು ಕೂಡಿಸಿದರು. ಕಾಯಿ ತುಂಬಿದ ಹೆಸರು ತುಳಿಯಬಾರದೆಂದು ಮಂದಿ ಸಾಲಿನಲ್ಲಿ ಒಬ್ಬರ ಹಿಂದೊಬ್ಬರು ನಿಂತಿದ್ದರು. ಅವಳ ಹೊಲದಲ್ಲಿ ಕಾಲಿಡಲು ಚನ್ನವ್ವನಿಗೆ ಮನಸ್ಸಾಗಲಿಲ್ಲ. ಬದುವಿನ ಈಚೆ, ತನ್ನ ಹಳದಿ ಹೊಲದ ನೀರಿನಲ್ಲೇ ನಿಂತಳು.

ಸುವರ್ಣಾಳ ಮಗ ಬಸವಪ್ರಸಾದ ಮೇಲಿನಿಂದ ಕೈ ಚಾಚಿದ. "ದೊಡ್ಡವ್ವಾ, ಮ್ಯಾಲ ಬಾ. ಹಿರ್ಯಾಕಿ ನೀ. ಮೊದಲ ಮಣ್ಣ ನೀ ಹಾಕು."

ಎಲ್ಲರೂ ತಿರುಗಿ ಅವಳನ್ನು ನೋಡಿದರು. ಚನ್ನವ್ವ ಬಗ್ಗಿ ಹಿಡಿ ಮಣ್ಣು ತೆಗೆದುಕೊಂಡಳು, ಮುಖವೆತ್ತಿ ಗದ್ದಿಗಿಯ ಕಡೆ ನೋಡಿದಳು, ಕಾಲೆತ್ತಲು ಹೋದಳು. ಮೀನಖಂಡದತನಕ ಹೂತಿದ್ದ ಕಾಲನ್ನು ಅವಳದೇ ಹೊಲ ಬಿಡಲಿಲ್ಲ. ಮುಷ್ಟಿಯೊಳಗಿನ ಕೆಸರು ನೀರಾಗಿ ಮೊಣಕೈಗೆ ಇಳಿಯುತ್ತಿತ್ತು.