ಗೌರಕ್ಕನ ಪಿತ್ತದ ಚೀಲ

ಹುಲಿಕುಂಟೆ ಸುತ್ತಿನ ಹಟ್ಟಿಗಳಲ್ಲಿ ಕುರಿ ಕಡಿದರೆ ತೊಗಲು ಸುಲಿಯುವುದಕ್ಕೆ ಯಾರಾದರೂ ಆದೀತು. ಹೊಟ್ಟೆ ಬಗೆದ ಮೇಲೆ ಮಾತ್ರ ದಾಸಣ್ಣ ಬರುವ ತನಕ ಯಾರೂ ಕೈ ಹಾಕುತ್ತಿರಲಿಲ್ಲ. ಕಲೀಜದ ಅಡಿಯಲ್ಲಿ ಅಂಟಿಕೊಂಡು ಒಂದು ಹಸಿರು ಚೀಲ ಇರುತ್ತದೆ ನೋಡಿ, ಪಿತ್ತದ ಚೀಲ, ಅದನ್ನು ಬಿಡಿಸುವುದು ಅವನ ಪಾಲಿನ ಕೆಲಸ. ಈರುಳ್ಳಿಯ ಒಳಪೊರೆಯಷ್ಟು ತೆಳು ಅದು. ಉಗುರು ತಾಕಿದರೂ ಒಡೆದೀತು. ಒಡೆದರೆ ಹನಿ ಬಿದ್ದಲ್ಲೆಲ್ಲ ಬೇವಿಗಿಂತ ಕಹಿ, ಎಷ್ಟು ಕೊಡ ನೀರಲ್ಲಿ ತೊಳೆದರೂ ಹೋಗದು. ಒಮ್ಮೆ ಭಾಮೈದನ ಮನೆಯ ನಾಮಕರಣದಲ್ಲಿ ಅವನ ಕೈಯಲ್ಲೇ ಒಡೆದು, ಉಣ್ಣಲು ಕೂತವರು ಎಲೆಯ ಮೇಲೇ ಉಗುಳಿ ಎದ್ದಿದ್ದರು. ಆಮೇಲೆ ಆ ಚೀಲಕ್ಕೆ ಕೈ ಹಾಕುವಾಗಲೆಲ್ಲ ದಾಸಣ್ಣ ಉಸಿರು ಬಿಗಿಹಿಡಿಯುತ್ತಿದ್ದ.

ಹಾಗಿರುವಾಗ, ಎಂಬತ್ತಮೂರನೆಯ ಇಸವಿಯ ಬೇಸಿಗೆಯಲ್ಲಿ, ಮಧುಗಿರಿಯ ಡಾಕ್ಟರು ನಂದೀಶ್ವರಯ್ಯನವರು ಅವನ ಹೆಂಡತಿ ಗೌರಕ್ಕನ ಎಕ್ಸರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆರು ತಿಂಗಳಿಂದ ಅವಳಿಗೆ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು. ಬಾಡೂಟ ಉಂಡ ದಿನವಂತೂ ಹಿಂದೆ ಹೆಗಲಿನವರೆಗೂ ಹಿಡಿದುಕೊಂಡು ವಾಂತಿಯಾಗುತ್ತಿತ್ತು.

"ಪಿತ್ತಕೋಶದಲ್ಲಿ ಕಲ್ಲಿದಾವೆ ಕಣಪ್ಪ. ಕಡಲೆ ಗಾತ್ರದ್ದು ಒಂದು, ಹುರುಳಿ ಗಾತ್ರದ್ದು ನಾಲ್ಕೈದು. ನಲವತ್ತು ದಾಟಿದ ಹೆಂಗಸರಿಗೆ ಇದು ಜಾಸ್ತಿ. ಆಪರೇಷನ್ ಮಾಡಿ ಚೀಲಾನೇ ತೆಗೀಬೇಕು."

"ಚೀಲಾನಾ? ಕಲೀಜದ ಕೆಳಗಿಂದಾ?"

"ಅದೇ. ನಿಂಗೆ ಹೆಂಗೆ ಗೊತ್ತು?"

"ಕುರಿಯಲ್ಲಿ ತೆಗ್ದಿದೀನಿ ಸ್ವಾಮಿ. ಒಡೆದೋದ್ರೆ?"

"ಒಡೆಯಲ್ಲ. ನಾವು ಮೊದಲು ಅದರ ಕುತ್ತಿಗೆಗೆ ದಾರ ಕಟ್ಟಿ…"

ದಾಸಣ್ಣನಿಗೆ ದಾರದ ಮಾತು ಕೇಳಿಸಲೇ ಇಲ್ಲ. ಕುರಿಯಾದರೆ ಸತ್ತಿರುತ್ತದೆ, ಅಲುಗಾಡುವುದಿಲ್ಲ; ಆದರೂ ಒಡೆಯುತ್ತದೆ. ಇವಳು ಉಸಿರಾಡುವವಳು. ಒಂದು ಹನಿ ಸಿಡಿದರೆ ಕರುಳೆಲ್ಲ ಕಹಿಯಾಗಿ, ಬದುಕಿರುವಷ್ಟು ದಿನ ಬಾಯಿಗೆ ಹಾಕಿದ್ದೆಲ್ಲ ವಿಷವಾದೀತು. ತೊಳೆಯುವುದೆಲ್ಲಿ? "ಯೋಚ್ನೆ ಮಾಡಿ ಬತ್ತೀವಿ ಸ್ವಾಮಿ" ಎಂದವನೇ ಹೆಂಡತಿಯ ರಟ್ಟೆ ಹಿಡಿದು ಸಿರಾ ಬಸ್ಸು ಹತ್ತಿಸಿಬಿಟ್ಟ.

ಹಟ್ಟಿಯಲ್ಲಿ ಅವನ ಅಕ್ಕ ಭೀಮಕ್ಕ ಬಾಳೆದಿಂಡಿನ ರಸ ಹಿಂಡಿಟ್ಟಳು. "ಮೂತ್ರದ ಕಲ್ಲೇ ಕರಗ್ತದೆ, ಇದ್ಯಾವ ಮಹಾ ಕಲ್ಲು? ಆ ಡಾಕ್ಟ್ರಿಗೇನು, ಕುಯ್ಯೋದೇ ಕಸುಬು. ನಿನ್ನಂಗೇ ಕಣ್ಲಾ ದಾಸ."

ಒಂಬತ್ತು ದಿನ ರಸ ಕುಡಿಸಿದ್ದಾಯಿತು. ನೋವು ಬರಲಿಲ್ಲ. ದಾಸಣ್ಣ ಒಳಗೊಳಗೇ ಗೆದ್ದೆನೆಂದುಕೊಂಡ. ಹತ್ತನೆಯ ದಿನ ಬೆಳಿಗ್ಗೆ ಗೌರಕ್ಕ ಮೂರು ಕಂಬಳಿ ಹೊದ್ದರೂ ಹಲ್ಲು ಕಟಕಟಿಸುತ್ತ ನಡುಗುತ್ತಿದ್ದಳು. ರೆಪ್ಪೆ ಎತ್ತಿ ನೋಡಿದರೆ ಕಣ್ಣು ಅರಿಶಿನದ ಹಾಗಿತ್ತು. ಮುಟ್ಟಿದರೆ ಮೈ ಕೆಂಡ.

"ಕಾಮಾಲೆ ಕಣೋ" ಎಂದಳು ಭೀಮಕ್ಕ. "ಮುಂಗೈಗೆ ಒಂದು ಬರೆ ಎಳೆದ್ರೆ ಇಳೀತದೆ. ಕಬ್ಬಿಣ ಕಾಸ್ತೀನಿ ಇರು."

ಗೌರಕ್ಕ ಕಂಬಳಿಯೊಳಗಿಂದಲೇ ಅಂದಳು: "ಅತ್ತಿಗೆಮ್ಮ, ನನ್ನ ಸುಡೋಕೆ ಸತ್ಮೇಲೆ ಬೇಕಾದಷ್ಟು ಹೊತ್ತು ಅದೆ. ಈಗ ಬಸ್ಸಿಗೆ ಕೈ ಅಡ್ಡ ಹಿಡೀರಿ."

ಮಧುಗಿರಿ ತಲುಪುವಷ್ಟರಲ್ಲಿ ಅವಳು ಜ್ವರದ ಭ್ರಮೆಯಲ್ಲಿ ಗಂಡನನ್ನು ಅಪ್ಪಾ ಎಂದು ಕರೆಯತೊಡಗಿದ್ದಳು. ಪಕ್ಕದಲ್ಲಿ ಕೂತ ದಾಸಣ್ಣನಿಗೆ ಅವಳ ಬಿಸಿಯುಸಿರು ಮೊಣಕೈಗೆ ತಾಕುತ್ತಿತ್ತು. ಉಸಿರು ಒಂದು ಸಲ ತಡವಾದರೆ ಅವನದೂ ನಿಲ್ಲುತ್ತಿತ್ತು.

ನಂದೀಶ್ವರಯ್ಯನವರು ಅವಳ ಕಣ್ಣು ನೋಡಿದರು, ಹೊಟ್ಟೆ ಒತ್ತಿ ನೋಡಿದರು. ನರ್ಸ್ ಇಂದ್ರಮ್ಮನಿಗೆ ಗ್ಲೂಕೋಸು ಹಚ್ಚಲು ಹೇಳಿ ದಾಸಣ್ಣನನ್ನು ಆಚೆಗೆ ಕರೆದರು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

"ಕುರಿಯ ಚೀಲ ಕಿತ್ತು ಏನು ಮಾಡ್ತೀಯಾ?"

"ದೂರಕ್ಕೆ ಎಸೀತೀನಿ ಸ್ವಾಮಿ."

"ಅಷ್ಟೇ ನೋಡು. ಚೀಲ ನೋಡಿದೀಯ, ಚೀಲದಿಂದ ಪಿತ್ತ ಎಲ್ಲಿಗೆ ಹೋಗ್ತದೆ ಅಂತ ನೋಡಿಲ್ಲ." ಔಷಧಿ ಚೀಟಿಯ ಬೆನ್ನಿನ ಮೇಲೆ ಅವರು ಗೆರೆ ಎಳೆದರು. "ಇದು ಲಿವರ್ರು, ನಿನ್ನ ಕಲೀಜ. ಪಿತ್ತ ತಯಾರಾಗೋದು ಇಲ್ಲಿ. ಚೀಲ ಬರೀ ಕೂಡಿಡೋ ಜಾಗ. ಜಿಡ್ಡು ತಿಂದಾಗ ಚೀಲ ಹಿಂಡ್ಕೊಂಡು, ಈ ಸಣ್ಣ ನಾಳದಲ್ಲಿ ಕರುಳಿಗೆ ಪಿತ್ತ ಬಿಡ್ತದೆ. ದೊಡ್ಡ ಕಲ್ಲು ಚೀಲದಲ್ಲೇ ಕೂತಿದ್ರೂ ಕೂತಿರ್ತದೆ. ಹುರುಳಿಯಂಥದ್ದು ಜಾರಿ ನಾಳಕ್ಕೆ ಬೀಳ್ತದೆ. ಇವರಿಗೆ ಬಿದ್ದಿದೆ. ದಾರಿ ಕಟ್ಟಿ ಪಿತ್ತ ರಕ್ತಕ್ಕೆ ತಿರುಗಿದೆ, ಹಿಂದುಗಡೆ ಕೀವಾಗ್ತಿದೆ."

ದಾಸಣ್ಣ ಗೆರೆಗಳನ್ನೇ ನೋಡಿದ. ಇಷ್ಟು ವರ್ಷ ಬೆರಳ ಸಂದಿಯಲ್ಲಿ ಹಿಡಿದು ಕಿತ್ತೆಸೆದದ್ದರ ಹಿಂದೆ ಇಂಥದ್ದೊಂದು ದಾರಿಯಿತ್ತೇ?

"ಚೀಲ ತೆಗೆದ್ಮೇಲೆ ಹೆಂಗೆ ಬದುಕ್ತಾಳೆ ಸ್ವಾಮಿ?"

"ಪಿತ್ತ ನೇರ ಕರುಳಿಗೆ ಇಳೀತದೆ. ಎಷ್ಟೋ ಜನ ಇದಾರೆ. ಆದ್ರೆ ಅವತ್ತೇ ಮಾಡಿಸಿದ್ರೆ ಚೀಲ ತೆಗೆಯೋದಷ್ಟೇ ಇತ್ತು. ಈಗ ನಾಳಾನೂ ಬಿಚ್ಚಬೇಕು, ಮೈಯಲ್ಲಿ ಜ್ವರ ಬೇರೆ. ಉಳೀತಾರೆ ಅಂತ ಮಾತು ಕೊಡೋಕಾಗಲ್ಲ. ಮಾಡದಿದ್ರೆ ಉಳಿಯಲ್ಲ ಅನ್ನೋದು ಮಾತ್ರ ಖಂಡಿತ."

ಆಪರೇಷನ್ನಿನ ಒಪ್ಪಿಗೆ ಕಾಗದದ ಮೇಲೆ ದಾಸಣ್ಣ ಹೆಬ್ಬೆಟ್ಟು ಒತ್ತಿದ. ಮೊದಲನೆಯದು ಕಲಸಿಹೋಯಿತು; ಇಂದ್ರಮ್ಮ ಕೈ ಹಿಡಿದು ಇನ್ನೊಂದು ಒತ್ತಿಸಿದಳು.

ಆಪರೇಷನ್ ಕೋಣೆಯ ಬಾಗಿಲು ಮುಚ್ಚಿದ್ದು ಹನ್ನೊಂದಕ್ಕೆ. ದಾಸಣ್ಣ ಜಗಲಿಯ ಮೇಲೆ ಕೂತು ಏಕಶಿಲೆಯ ಬೆಟ್ಟದ ಮೇಲೆ ನೆರಳು ಸರಿಯುವುದನ್ನು ನೋಡುತ್ತಿದ್ದ. ಒಳಗೆ ಏನಾದರೂ ಲೋಹದ ಸದ್ದಾದರೆ ಅವನ ಬೆರಳುಗಳು ತಾವಾಗಿಯೇ ಮುದುಡುತ್ತಿದ್ದವು. ಎಲ್ಲಿ ಹಿಡಿಯುತ್ತಾರೋ, ಎಷ್ಟು ಒತ್ತುತ್ತಾರೋ. ಗೊತ್ತಿಲ್ಲದವನಾಗಿದ್ದರೆ ದೇವರ ಹೆಸರು ಹೇಳಿಕೊಂಡು ಕೂತಿರಬಹುದಿತ್ತು. ಗೊತ್ತಿದ್ದದ್ದೇ ಅವನನ್ನು ಕೊಲ್ಲುತ್ತಿತ್ತು.

ಎರಡೂವರೆಗೆ ಒಳಗೆ ಬಿಟ್ಟರು. ಗೌರಕ್ಕ ಬಾಡಿದ ಎಲೆಯಂತೆ ಹಳದಿಗಟ್ಟಿ ಮಲಗಿದ್ದಳು. ಅವಳ ಪಕ್ಕೆಯಿಂದ ಒಂದು ರಬ್ಬರು ನಳಿಗೆ ಇಳಿದು ಮಂಚದ ಕೆಳಗಿನ ಬಾಟಲಿಗೆ ಸೇರಿತ್ತು. ಬಾಟಲಿಯೊಳಗೆ ಹಸಿರು. ದಾಸಣ್ಣನಿಗೆ ಚೆನ್ನಾಗಿ ಗುರುತಿದ್ದ ಹಸಿರು.

ಅವನು ಇಂದ್ರಮ್ಮನ ಕಡೆ ತಿರುಗಿದ. "ಒಡೆದೋಯ್ತಾ ತಾಯಿ?"

"ಏನೂ ಒಡೆದಿಲ್ಲ ಕೂತ್ಕೊಳಣ್ಣ" ಎಂದಳು ಇಂದ್ರಮ್ಮ. "ಬಿಚ್ಚಿದ ನಾಳ ಕೂಡೋ ತನಕ ಪಿತ್ತ ಹೊರಗೆ ಬರಲಿ ಅಂತ ಡಾಕ್ಟ್ರೇ ಇಟ್ಟಿರೋದು. ಹಸಿರು ಬರ್ತಿದ್ರೆ ಒಳ್ಳೇದು."

ಅವನು ನಂಬಲಿಲ್ಲ. ಬಾಟಲಿಯ ಮೇಲಿನ ಗೆರೆಗಳನ್ನು ಎಣಿಸುತ್ತ ಮಂಚದ ಕೆಳಗೆ ಬಗ್ಗಿ ಕೂತ. ಎರಡು ದಿನ ಜ್ವರ ಇಳಿಯಲಿಲ್ಲ. ಮೂರನೆಯ ದಿನ ಹಣೆ ಬೆವರಿತು. ಐದನೆಯ ದಿನ ಬಾಟಲಿ ಅರ್ಧವೂ ತುಂಬಿರಲಿಲ್ಲ. ಪಿತ್ತ ಮತ್ತೆಲ್ಲಿ ಕಟ್ಟಿಕೊಂಡಿತೋ ಎಂದು ಅವನು ಓಡಿಹೋಗಿ ಡಾಕ್ಟರನ್ನೇ ಕರೆತಂದ. ಅವರು ಗೌರಕ್ಕನ ಕಣ್ಣು ನೋಡಿ, "ಅರಿಶಿನ ಇಳೀತಿದೆ. ಪಿತ್ತ ತನ್ನ ದಾರೀಲಿ ಕರುಳಿಗೆ ಹೊರಟಿದೆ, ಅದಕ್ಕೇ ಇಲ್ಲಿ ಕಡಿಮೆ. ಇನ್ನು ಭಯವಿಲ್ಲ" ಎಂದು ಹೋದರು.

ದಾಸಣ್ಣ ಮತ್ತೆ ಬಾಟಲಿಯ ಮುಂದೆ ಬಗ್ಗಿದ.

"ಅವತ್ತು ಯಾಕೆ ಎಳ್ಕೊಂಡೋದೆ ನನ್ನ?" ಗೌರಕ್ಕನ ದನಿ ಸಣ್ಣಗಿತ್ತು.

"ಭಯ ಆಯ್ತು ಕಣೇ. ನೀನು ಸತ್ತೋಯ್ತೀಯ ಅಂತ."

"ನಂಗೂ ಆಗಿತ್ತು. ಆದ್ರೂ ಕುಯ್ಸಿಕೊಂಡೇ ಬುಡೋಣ ಅಂತಿದ್ದೆ. ನೋವಿದ್ದದ್ದು ನಂಗೆ. ನೀನು ಕೇಳ್ಲೇ ಇಲ್ಲ."

ಅವನು ಮತ್ತೆ ಬಾಟಲಿಯ ಗೆರೆ ಎಣಿಸತೊಡಗಿದ.

"ಅದೇನು ಬಾಟ್ಲಿ ಕೂಡೆ ಸಂಸಾರ? ಇತ್ತಾಗೆ ತಿರುಗಯ್ಯ. ಬಾಯಾರ್ತಾ ಅದೆ, ನೀರು ಕೊಡಬೌದಾ ಕೇಳ್ಕೊಂಡು ಬಾ."

ದಾಸಣ್ಣ ಎದ್ದ. ಬಗ್ಗಿ ಕೂತು ಕೂತು ಸೊಂಟ ಹಿಡಿದಿತ್ತು. ಬಾಗಿಲವರೆಗೆ ಹೋಗಿ ತಿರುಗಿ ನೋಡಿದ, ಅವಳು ಉಸಿರಾಡುತ್ತಿದ್ದಳು. ಇನ್ನೊಂದು ಉಸಿರು ನೋಡಿಕೊಂಡು ಇಂದ್ರಮ್ಮನನ್ನು ಹುಡುಕಿಕೊಂಡು ಹೋದ.